ಭಾಷಣ ಬೇಡ, ಒಂದು ಕೆಲಸ ಕೊಡಿ

ಬೆಂಗಳೂರಿನ ಪ್ರೌಢಶಾಲೆಗಳಿಗೂ ಅಕ್ಕಪಕ್ಕದ ಅಂಗಡಿ, ವರ್ಕ್‌ಶಾಪ್, ಗಾರ್ಮೆಂಟ್ಸ್‌ಗಳಿಗೂ ನಂಟು ಬೆಸೆಯುವುದು ನನ್ನ ವೃತ್ತಿ. "ಮಕ್ಕಳು ಏನು ಕಲಿತು ಬಂದರೆ ನಿಮಗೆ ಅನುಕೂಲ?" ಅಂತ ಮಾಲೀಕರನ್ನು ಕೇಳಿದರೆ ಹೆಚ್ಚಿನವರು ಮೆಷಿನ್ ಮಾತೇ ಎತ್ತುವುದಿಲ್ಲ. "ಅದನ್ನು ನಾವು ಕಲಿಸ್ತೀವಿ ಬಿಡಿ. ಹೇಳಿದ ಟೈಮಿಗೆ ಬರಲಿ. ಅರ್ಥ ಆಗದಿದ್ದರೆ ಕೇಳಲಿ. ಕೆಲಸ ಕೆಟ್ಟರೆ ಮುಚ್ಚಿಡದೆ ಹೇಳಲಿ" ಅನ್ನುತ್ತಾರೆ.

ಇದು ಪಾಠ ಕೇಳಿ ಬರುವ ಗುಣವಲ್ಲ. ಮೇಷ್ಟ್ರಿಗೆ ಮಕ್ಕಳ ಸ್ವಭಾವ ಗೊತ್ತು, ಸಂಭಾಳಿಸಿಕೊಂಡು ಹೋಗುತ್ತಾರೆ. ಹೊರಗಿನವರೊಬ್ಬರು ಕೆಲಸ ಕೊಟ್ಟು, ಆಗಿದೆಯೋ ಇಲ್ಲವೋ ಅಂತ ನೇರವಾಗಿ ಹೇಳಬೇಕು. ಆದರೆ ನಾವು ಉದ್ಯಮಿಯನ್ನು ಕರೆಸಿ, ಹಾರ ಹಾಕಿ, ಒಂದು ಭಾಷಣ ಮಾಡಿಸಿ ಕಳಿಸಿಬಿಡುತ್ತೇವೆ.

ಪೀಣ್ಯದಲ್ಲಿ, ಲೇತ್ ಮೆಷಿನ್‌ನಲ್ಲಿ ಲೋಹ ಕಡೆಯುವ ಒಂದು ಟರ್ನಿಂಗ್ ಶಾಪ್‌ನಲ್ಲಿ ಹೀಗಾಯಿತು. ಹತ್ತನೇ ತರಗತಿಯವರನ್ನು ಲೇತ್ ಹತ್ತಿರ ಬಿಡದೆ ಅಳತೆ ನೋಡುವ ಟೇಬಲ್ ಬಳಿ ಕೂರಿಸಿದ್ದರು. ಸೂಪರ್‌ವೈಸರ್ ಒಂದೇ ಬುಷ್ ಅನ್ನು (ಬಳೆಯಂಥ ಲೋಹದ ಬಿಡಿಭಾಗ) ಮೂವರ ಕೈಗೆ ಕೊಟ್ಟು, ಸೂಕ್ಷ್ಮ ಅಳತೆ ತೋರಿಸುವ ವರ್ನಿಯರ್‌ನಲ್ಲಿ ಅಳೆಯಲು ಹೇಳಿದರು. ಮಿಲಿಮೀಟರ್‌ನಲ್ಲಿ 25.00, 25.04, 25.10. ಮೂರು ಉತ್ತರ. "ಇದರಲ್ಲಿ ಯಾವುದನ್ನು ನಂಬಿ ಪಾರ್ಟಿಗೆ ಮಾಲು ಕಳಿಸಲಿ?" ಅಂದರು. ಯಾರೂ ತುಟಿ ಬಿಚ್ಚಲಿಲ್ಲ. ವರ್ನಿಯರ್‌ನ ಬಾಯಿ ಒರೆಸುವುದು, ಸೊನ್ನೆ ಸರಿಯಾಗಿ ಕೂರುತ್ತದಾ ನೋಡುವುದು, ಎರಡು ಸಲ ಅಳೆದು ಬರೆಯುವುದು, ಎಲ್ಲ ತೋರಿಸಿದರು. ಆಗ ಒಬ್ಬಳು ಹುಡುಗಿ, "ಸರ್, 25.10 ನಂದು. ವಾರೆಯಾಗಿ ಹಿಡಿದುಬಿಟ್ಟಿದ್ದೆ" ಅಂದಳು. ಮಾಲೀಕರು ಹುಡುಕುವುದು ಇದನ್ನೇ ಅಲ್ವಾ?

ವ್ಯಾಪಾರದ ಬುದ್ಧಿಗೆ ನಮ್ಮಲ್ಲಿ ಮಕ್ಕಳ ಸಂತೆ ಇದೆ. ಒಳ್ಳೆಯ ಪದ್ಧತಿ. ಆದರೆ ಅಪ್ಪ ಅಮ್ಮ ಪ್ರೀತಿಯಿಂದ ಕೊಳ್ಳುತ್ತಾರೆ, ಎಲ್ಲರಿಗೂ ಲಾಭ ಬಂದಂತೆ ಕಾಣುತ್ತದೆ. ಸಂತೆ ಮುಗಿದ ಮೇಲೆ ಬೀದಿಯ ತರಕಾರಿ ಅಂಗಡಿಯವರನ್ನು ಕರೆದು ಲೆಕ್ಕ ಹಾಕಿಸಿ ನೋಡಿ. ಒಂದು ಗುಂಪು 20 ಕಟ್ಟು ಸೊಪ್ಪನ್ನು ಹತ್ತು ರೂಪಾಯಿಯಂತೆ ತಂದಿತು ಅನ್ನಿ. ಬಂಡವಾಳ 200. ಹದಿನೈದರಂತೆ ಮಾರಿದರು, ಹೋಗಿದ್ದು 14 ಕಟ್ಟು, ಬಂದಿದ್ದು 210. ಹತ್ತು ರೂಪಾಯಿ ಲಾಭ ಅಂತ ಕುಣಿಯುತ್ತಾರೆ. "ಆಟೋಗೆ ಎಷ್ಟು ಕೊಟ್ಟಿರಿ?" ಅಂತ ಅಂಗಡಿಯಮ್ಮ ಕೇಳುತ್ತಾರೆ. ಅರವತ್ತು. ಅಲ್ಲಿಗೆ ಐವತ್ತು ನಷ್ಟ. ಉಳಿದ ಆರು ಕಟ್ಟು ಮಧ್ಯಾಹ್ನಕ್ಕೇ ಬಾಡಿವೆ. ಹತ್ತು ಗಂಟೆಗೇ ರೇಟು ಇಳಿಸಬೇಕಿತ್ತಾ? ಈ ಚರ್ಚೆ ಸಂತೆಗಿಂತ ದೊಡ್ಡ ಪಾಠ.

ಇದಕ್ಕೆಲ್ಲ ದಾರಿ ಈಗಾಗಲೇ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ನಡುವೆ ಹತ್ತು ದಿನ ಬ್ಯಾಗ್ ಇಲ್ಲದೆ ಬಡಗಿ, ಕುಂಬಾರ, ತೋಟಗಾರರಂಥವರ ಬಳಿ ಕಲಿಯಲಿ ಅನ್ನುತ್ತದೆ. ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ 9, 10ನೇ ತರಗತಿಗೆ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಅಡಿಯ ವೃತ್ತಿ ವಿಷಯಗಳೂ ಇವೆ.

ಒಂದು ಎಚ್ಚರ. ಮಕ್ಕಳು ಕಲಿಯಲು ಬರುತ್ತಾರೆ, ಪುಕ್ಕಟೆ ದುಡಿಯಲು ಅಲ್ಲ. 14 ತುಂಬದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದನ್ನೂ 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಚ್ಚುವುದನ್ನೂ 2016ರಲ್ಲಿ ತಿದ್ದುಪಡಿಯಾದ ಕಾನೂನು ತಡೆಯುತ್ತದೆ. ಪೋಷಕರ ಒಪ್ಪಿಗೆ ಪತ್ರ ಇಲ್ಲದೆ, ಶಿಕ್ಷಕರು ಜೊತೆಗಿಲ್ಲದೆ ಒಂದು ಮಗುವನ್ನೂ ಕಳಿಸಬೇಡಿ.

ಶುರು ಮಾಡುವವರು ಶಾಲೆಯಿಂದ ನಡೆದು ಹೋಗುವಷ್ಟು ಹತ್ತಿರದ ಜಾಗ ಹುಡುಕಿ. ಮಾರ್ಚ್ ಬೇಡ. ಮಾಲೀಕರಿಗೆ ವರ್ಷಾಂತ್ಯದ ಲೆಕ್ಕ, ಮಕ್ಕಳಿಗೆ ಪರೀಕ್ಷೆ. ಜುಲೈ, ಆಗಸ್ಟ್ ಒಳ್ಳೆಯದು. ಕೊನೆಗೆ ಮಾಲೀಕರಿಂದ ಪ್ರತಿ ಮಗುವಿಗೂ ಕನ್ನಡದಲ್ಲಿ ನಾಲ್ಕು ಸಾಲು ಬರೆಸಿ: ಏನು ಚೆನ್ನಾಗಿ ಮಾಡಿದೆ, ಎಲ್ಲಿ ಎಡವಿದೆ. ಆ ಚೀಟಿ ಶಾಲೆಯ ಫೈಲಿಗೆ ಹೋಗುವುದು ಬೇಡ, ಮಗುವಿನ ಕೈಗೇ ಸಿಗಲಿ.