ಎಕ್ಸ್-ರೇ ಒಂದೇ ಸಾಲದು

ಸಿಒಪಿಡಿ ಎಂದರೆ ಹೆಚ್ಚಾಗಿ ವರ್ಷಗಟ್ಟಲೆ ಹೊಗೆ ಕುಡಿದು ಶ್ವಾಸನಾಳ ಕಿರಿದಾಗುವ, ದಮ್ಮು ಕಟ್ಟಿಸುವ ಶ್ವಾಸಕೋಶದ ಕಾಯಿಲೆ. ಅದು ಶುರುವಾದ ವರ್ಷಗಳಲ್ಲಿ ಎಕ್ಸ್-ರೇಯಲ್ಲಿ ಏನೂ ಕಾಣದೇ ಇರಬಹುದು. ಇದನ್ನು ದಿನವೂ ಹೇಳುತ್ತೇನೆ. ಆದರೂ ಬಂಟ್ವಾಳ, ಮೂಡುಬಿದಿರೆ ಕಡೆಯಿಂದ ಮಂಗಳೂರಿಗೆ ಬರುವವರ ಮೊದಲ ಮಾತು ಅದೇ: "ಎಕ್ಸ್-ರೇ ಕ್ಲಿಯರ್ ಉಂಟು ಡಾಕ್ಟ್ರೇ, ಹತ್ತುವಾಗ ದಮ್ಮು ಕಟ್ಟುವುದು ಮಾತ್ರ." ನವೆಂಬರ್ ಮೂರನೇ ಬುಧವಾರ ವಿಶ್ವ ಸಿಒಪಿಡಿ ದಿನ. ಆಗಿನ ಶಿಬಿರಗಳಲ್ಲೂ ಜನ ಕೇಳುವುದು ಎಕ್ಸ್-ರೇಯನ್ನೇ.

ಎಕ್ಸ್-ರೇ ಬೇಡವೆಂದಲ್ಲ. ಕ್ಷಯ, ನ್ಯುಮೋನಿಯಾ, ಗಡ್ಡೆ ಹುಡುಕಲು ಅದು ಬೇಕೇ ಬೇಕು. ಆದರೆ ತೋಟದ ಪಂಪ್‌ಸೆಟ್ಟಿನ ಫೋಟೊ ನೋಡಿ ಅದು ನಿಮಿಷಕ್ಕೆ ಎಷ್ಟು ನೀರು ಎತ್ತುತ್ತದೆ ಎಂದು ಹೇಳಲಾದೀತೇ? ಸಿಒಪಿಡಿ ಮೊದಲು ಕೆಡಿಸುವುದು 2 ಮಿ.ಮೀ.ಗಿಂತ ಸಣ್ಣ ಶ್ವಾಸನಾಳಗಳನ್ನು. ಒಳಗೆ ಹೋದ ಗಾಳಿ ಪೂರ್ತಿ ಹೊರಬರದೆ ಅಲ್ಲೇ ಉಳಿಯುತ್ತದೆ. ಇದನ್ನು ಅಳೆಯಲು ಸ್ಪೈರೊಮೆಟ್ರಿಯೇ, ಅಂದರೆ ಊದಿಸಿ ನೋಡುವ ಪರೀಕ್ಷೆಯೇ ಆಗಬೇಕು.

ಉಸಿರನ್ನು ತುಂಬ ಎಳೆದುಕೊಂಡು, ಕೊಳವೆಗೆ ಬಾಯಿಟ್ಟು, ಇದ್ದ ಬಲವೆಲ್ಲ ಹಾಕಿ ಊದಬೇಕು. ಸಾಕೆನಿಸಿದರೂ ಊದುತ್ತಲೇ ಇರಬೇಕು, ಕಡಿಮೆಯೆಂದರೆ 6 ಸೆಕೆಂಡು. ಆಮೇಲೆ ನಾಳ ಅಗಲಿಸುವ ಔಷಧಿ ಎಳೆಸಿ, 15–20 ನಿಮಿಷ ಕೂರಿಸಿ, ಮತ್ತೆ ಊದಿಸುತ್ತೇವೆ. ಆಗಲೂ ಒಟ್ಟು ಊದಿದ ಗಾಳಿಯಲ್ಲಿ ಮೊದಲ ಸೆಕೆಂಡಿನ ಪಾಲು ಶೇ. 70ಕ್ಕಿಂತ ಕಡಿಮೆಯಿದ್ದರೆ ನಾಳಗಳಲ್ಲಿ ಅಡಚಣೆ ಉಂಟು ಎಂದು ತಿಳಿಯುತ್ತೇವೆ. ಅದೊಂದೇ ಸಂಖ್ಯೆ ಹಿಡಿದು ಯಾರೂ ತೀರ್ಮಾನಕ್ಕೆ ಬರಬಾರದು. ತುಂಬ ವಯಸ್ಸಾದವರಲ್ಲಿ ಕಾಯಿಲೆ ಇಲ್ಲದೆಯೂ ಅದು ಇಳಿಯಬಹುದು. ಆಸ್ತಮಾ ಇದೆಯೇ, ಕೆಲಸ ಎಂಥದ್ದು, ಎಲ್ಲ ಕೇಳಬೇಕು.

ಕೇಳದಿದ್ದರೆ ಏನಾಗುತ್ತದೆಂದು ಹೇಳುತ್ತೇನೆ. ಹಳ್ಳಿಯಿಂದ ಒಬ್ಬರು ಅಮ್ಮ ಬಂದಿದ್ದರು. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಕೈಯಲ್ಲಿ ಎಕ್ಸ್-ರೇಗಳ ಕಟ್ಟು, ಎಲ್ಲವೂ ಕ್ಲಿಯರ್. "ಪ್ರಾಯ ಆಯಿತಲ್ಲ, ಹಾಗೇ" ಎಂದು ಎಲ್ಲರೂ ಸಮಾಧಾನ ಹೇಳಿ ಕಳಿಸಿದ್ದರು. ಆ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಅಡುಗೆ ಯಾವುದರಲ್ಲಿ ಅಂತ ಕೇಳಿದೆ. "ಗ್ಯಾಸ್ ಉಂಟಲ್ಲ!" ಕುಚ್ಚಲಕ್ಕಿ ಅನ್ನ? "ಅದು ಸೌದೆ ಒಲೆಯಲ್ಲಿ. ಬೇಯಲು ಹೊತ್ತು ಬೇಕು, ಗ್ಯಾಸ್ ಮುಗಿದು ಹೋಗ್ತದೆ." ಮೀಯುವ ನೀರು? "ಹಂಡೆಯಲ್ಲಿ." ಮಳೆಗಾಲದಲ್ಲಿ ಚಂಡಿಯಾದ ಮಡಲು, ತೆಂಗಿನ ಸಿಪ್ಪೆ. ಮನೆಮಂದಿಗೆಲ್ಲ ಬಿಸಿನೀರು ಆಗುವ ತನಕ ಮದುವೆಯಾದಂದಿನಿಂದ ಅವರೇ ಆ ಹೊಗೆಯಲ್ಲಿ. ಊದಿಸಿ ನೋಡಿದರೆ ಮೊದಲ ಸೆಕೆಂಡಿನ ಗಾಳಿ ಇರಬೇಕಾದ್ದರಲ್ಲಿ ಅರ್ಧದಷ್ಟೂ ಇರಲಿಲ್ಲ.

ಹೋದ ಶಕ್ತಿ ಪೂರ್ತಿ ಮರಳುವುದಿಲ್ಲ, ಸುಳ್ಳು ಭರವಸೆ ಕೊಡಲಾರೆ. ಆದರೆ ಹೊಗೆಯಿಂದ ದೂರವಾಗಿ, ಇನ್‌ಹೇಲರನ್ನು ಸರಿಯಾಗಿ ಎಳೆದು, ದಿನವೂ ನಡೆದು, ಫ್ಲೂ ಮತ್ತು ನ್ಯುಮೊಕಾಕಸ್ ಲಸಿಕೆ ಹಾಕಿಸಿಕೊಂಡವರು ಆಸ್ಪತ್ರೆ ಸೇರುವುದು ಕಡಿಮೆ. ಆ ಅಮ್ಮನ ಮಗ ಈಗ ಬಚ್ಚಲಿಗೆ ಗೀಸರ್ ಹಾಕಿಸಿದ್ದಾರೆ. ಅನ್ನದ ಒಲೆಯ ವಿಷಯದಲ್ಲಿ ಇನ್ನೂ ವಾದ ನಡೆದಿದೆ.

ವರ್ಷಗಳಿಂದ ಕೆಮ್ಮು, ಕಫ, ದಮ್ಮು ಇದ್ದರೆ ಸ್ಪೈರೊಮೆಟ್ರಿ ಬೇಕೇ ಎಂದು ವೈದ್ಯರನ್ನು ನೀವಾಗಿಯೇ ಕೇಳಿ. ಇತ್ತೀಚೆಗೆ ಹೃದಯಾಘಾತ, ಕಣ್ಣು ಅಥವಾ ಹೊಟ್ಟೆಯ ಆಪರೇಷನ್ ಆಗಿದ್ದರೆ ಮೊದಲೇ ತಿಳಿಸಿ, ಆಗ ಸ್ವಲ್ಪ ಕಾಯಬೇಕಾದೀತು. ಇನ್‌ಹೇಲರ್ ಬಳಸುವವರು ಅದನ್ನು ಪರೀಕ್ಷೆಯ ದಿನ ತೆಗೆದುಕೊಳ್ಳಬಹುದೇ ಎಂದೂ ವಿಚಾರಿಸಿ.