ಒಂಟಿಕಣ್ಣಿನ ಕಾರು

ಕತ್ತಲಾದ ಮೇಲೆ ಕಾರು ಚಾಲೂ ಮಾಡುತ್ತೀರಿ. ಎದುರಿನ ಗೋಡೆ ಮೇಲೆ ಎರಡು ಬೆಳಕು ಬೀಳಬೇಕಿತ್ತು, ಬಿದ್ದಿರೋದು ಒಂದೇ. ಎಷ್ಟು ಖರ್ಚಿದೆಯೋ ಅನ್ನೋ ಚಿಂತೆ ಆಗಲೇ ಶುರುವಾಗುತ್ತದೆ. ದುಡ್ಡು ಕಡಿಮೆ ಇದ್ದಾಗ ನಾವು ಮಾಡುವ ದೊಡ್ಡ ತಪ್ಪು ಅಂದರೆ ಕಾರಣ ಹುಡುಕುವ ಮೊದಲೇ ಸಾಮಾನು ಕೊಳ್ಳೋದು. ಬಲ್ಬು ತಂದು ಹಾಕುತ್ತೇವೆ, ಹತ್ತೋದಿಲ್ಲ. ರಿಲೇ, ಅಂದರೆ ಸ್ವಿಚ್ಚಿನ ಮಾತು ಕೇಳಿ ದೀಪಕ್ಕೆ ಕರೆಂಟು ಬಿಡುವ ಪುಟ್ಟ ಡಬ್ಬಿ ತರುತ್ತೇವೆ, ಆಗಲೂ ಹತ್ತೋದಿಲ್ಲ.

ಹೆಡ್‌ಲೈಟಿನ ಕರೆಂಟು ಒಂದು ಸುತ್ತು ಹಾಕಬೇಕು. ಬ್ಯಾಟರಿಯ ಪ್ಲಸ್ಸಿನಿಂದ ಹೊರಟು ಫ್ಯೂಸ್, ರಿಲೇ, ವೈರು, ಬಲ್ಬು ಎಲ್ಲ ದಾಟಿ, ಕಾರಿನ ಬಾಡಿ ಹಿಡಿದು ಮೈನಸ್ಸಿಗೆ ವಾಪಸ್ ಬರಬೇಕು. ನಡುವೆ ಎಲ್ಲಿ ಕಡಿದರೂ ದೀಪ ಇಲ್ಲ. ಎಲ್ಲಿ ಕಡಿದಿದೆ ಅಂತ ತಿಳಿಯೋಕೆ ಖರ್ಚಿಲ್ಲದ ಒಂದು ದಾರಿ ಇದೆ: ಕಾರಿಗೆ ದೀಪ ಎರಡು, ಸರಿಯಿರುವ ಕಡೆಯೇ ನಿಮ್ಮ ಟೆಸ್ಟರು. ಲೈಟು ಆಫ್ ಮಾಡಿ, ಬಲ್ಬು ತಣ್ಣಗಾದ ಮೇಲೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ. ಕತ್ತಲೆ ಬಲ್ಬಿನ ಜೊತೆಗೇ ಆಚೆ ಕಡೆ ಹೋಯಿತಾ, ಬಲ್ಬು ಹೋಗಿದೆ. ಇದ್ದಲ್ಲೇ ಉಳಿಯಿತಾ, ಬಲ್ಬು ಚೆನ್ನಾಗಿದೆ, ತೊಂದರೆ ಆ ಕಡೆಯ ಫ್ಯೂಸು, ವೈರು ಅಥವಾ ಹೋಲ್ಡರಿನಲ್ಲಿದೆ. ಎಷ್ಟೋ ಕಾರುಗಳಲ್ಲಿ ಎಡಕ್ಕೊಂದು ಬಲಕ್ಕೊಂದು ಫ್ಯೂಸ್ ಇರುತ್ತದೆ, ಅದನ್ನೂ ಹೀಗೇ ಅದಲುಬದಲು ಮಾಡಿ ನೋಡಬಹುದು.

ಎರಡೂ ಒಟ್ಟಿಗೆ ಆರಿದ್ದರೆ ಎರಡಕ್ಕೂ ಸೇರಿದ ಭಾಗ ನೋಡಿ, ಅಂದರೆ ರಿಲೇ ಮತ್ತು ಸ್ವಿಚ್ಚು. ಫ್ಯೂಸ್ ಡಬ್ಬಿಯಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಸಾಮಾನ್ಯವಾಗಿ ಸಿಗುತ್ತದೆ, ಬಹಳ ಸಲ ಅದು ಹಾರ್ನಿನದು. ಅದನ್ನು ಕಿತ್ತು ಇಲ್ಲಿ ಹಾಕಿದರೆ ಒಂದು ನಿಮಿಷದಲ್ಲಿ ಉತ್ತರ ಬರುತ್ತದೆ. ಹಾಗಂತ ಬಲ್ಬುಗಳನ್ನು ಮರೆಯಬೇಡಿ. ಒಂದು ಮುಂಚೆಯೇ ಹೋಗಿದ್ದು ನಾವು ಗಮನಿಸದೆ, ಈಗ ಎರಡನೆಯದೂ ಹೋಗಿರಬಹುದು.

ಫ್ಯೂಸ್ ಬಗ್ಗೆ ಒಂದು ಮಾತು. 12 ವೋಲ್ಟಿನಲ್ಲಿ 55 ವ್ಯಾಟ್ ಬಲ್ಬು ಸುಮಾರು 4.6 ಆಂಪಿಯರ್ ಎಳೆಯುತ್ತದೆ. ಫ್ಯೂಸ್ ಪದೇಪದೇ ಹೋಗುತ್ತಿದ್ದರೆ ಎಲ್ಲೋ ವೈರಿನ ಸಿಪ್ಪೆ ಸವೆದು ಬಾಡಿಗೆ ತಾಗುತ್ತಿದೆ ಅಂತಲೇ ಅನುಮಾನಪಡಬೇಕು. ಆಗ ದೊಡ್ಡ ಫ್ಯೂಸ್ ಹಾಕೋದು, ತಂತಿ ಸುತ್ತೋದು ದಯವಿಟ್ಟು ಬೇಡ. ಸುಡಬೇಕಾದ ಫ್ಯೂಸ್ ಸುಡದಿದ್ದರೆ ವೈರೇ ಸುಡುತ್ತದೆ.

ಇನ್ನು ಹ್ಯಾಲೊಜೆನ್ ಬಲ್ಬು. 1962ರಲ್ಲಿ ಯುರೋಪಿನ ಕಾರುಗಳಿಗೆ ಬಂದ ಈ ಬಲ್ಬಿನ ಒಳಗೆ ಟಂಗ್‌ಸ್ಟನ್ ತಂತಿ 2,500 ಡಿಗ್ರಿ ಸೆಲ್ಸಿಯಸ್‌ಗೂ ಜಾಸ್ತಿ ಕಾಯುತ್ತದೆ. ತಣ್ಣಗಿರುವಾಗ ಆ ತಂತಿಯ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಕಾದಾಗಿನದರ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ಹಾಗಾಗಿ ಸ್ವಿಚ್ ಒತ್ತಿದ ಕ್ಷಣ ಕರೆಂಟು ಒಮ್ಮೆಲೇ ನುಗ್ಗುತ್ತದೆ. ಸವೆದ ಬಲ್ಬು ಓಡುತ್ತಿರುವಾಗ ಚೆನ್ನಾಗಿದ್ದು, ಹಚ್ಚುವಾಗಲೇ ಪಟ್ಟನೆ ಹೋಗೋದು ಅದಕ್ಕೇ. ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಜಾಗ ಜಾಸ್ತಿ ಕಾದು ಗಾಜು ಹಾಳಾಗುತ್ತದೆ.

ನಿಜವಾದ ಕಳ್ಳ ಇರೋದು ಬೇರೆ ಕಡೆ, ಜಾಯಿಂಟುಗಳಲ್ಲಿ. ಉರಿಯುವಾಗ ಈ 55 ವ್ಯಾಟ್ ಬಲ್ಬಿನ ರೋಧ ಬರೀ 2.6 ಓಮ್ (ಓಮ್ ಅಂದರೆ ರೋಧದ ಅಳತೆ). ತುಕ್ಕು ಹಿಡಿದ ಒಂದು ಜಾಯಿಂಟು ಅದಕ್ಕೆ ಅರ್ಧ ಓಮ್ ಸೇರಿಸಿತು ಅನ್ನಿ. ಬಲ್ಬಿಗೆ 12ರ ಬದಲು ಸುಮಾರು 10 ವೋಲ್ಟ್ ಸಿಗುತ್ತದೆ. ಎರಡೇ ವೋಲ್ಟ್ ಅಲ್ವಾ ಅನ್ನಿಸಬಹುದು, ಆದರೆ ವೋಲ್ಟೇಜ್ ಇಳಿದದ್ದಕ್ಕಿಂತ ಬೆಳಕು ತುಂಬಾ ಜಾಸ್ತಿ ಇಳಿಯುತ್ತದೆ, ಹೆಚ್ಚುಕಡಿಮೆ ಅರ್ಧಕ್ಕೆ. ಕಳೆದುಹೋದ ವೋಲ್ಟು ಸುಮ್ನೆ ಎಲ್ಲೂ ಹೋಗಿರಲ್ಲ, ಆ ಜಾಯಿಂಟಿನಲ್ಲೇ 7 ವ್ಯಾಟಿನಷ್ಟು ಬಿಸಿಯಾಗಿ ಕೂತಿರುತ್ತದೆ. ಕಂದುಬಣ್ಣಕ್ಕೆ ತಿರುಗಿದ, ಕರಗಿದ ಹೋಲ್ಡರ್ ನೋಡಿದ್ದೀರಾ? ಅದು ಇದರದೇ ಕೆಲಸ. ಹೆಚ್ಚು ವ್ಯಾಟಿನ ಬಲ್ಬು ಹಾಕಿದರೂ ಇದೇ ಗತಿ.

ತಂತಿಯ ಬದಲು ಅನಿಲದಿಂದ ಬೆಳಗುವ ಝೆನಾನ್ ದೀಪವಿದ್ದರೆ ಮಾತ್ರ ನೀವೇ ಬಿಚ್ಚಬೇಡಿ, ಹೊತ್ತಿಸುವಾಗ ಅದಕ್ಕೆ ಸಾವಿರಾರು ವೋಲ್ಟ್ ಬರುತ್ತದೆ.

ನನ್ನ ಕಾರಿನ ಬಲಗಡೆ ದೀಪ ಒಮ್ಮೆ ಕೆಂಡದ ಹಾಗೆ ಮಂಕಾಗಿತ್ತು. ಹೊಸ ಬಲ್ಬು ಹಾಕಿದೆ, ಅದೂ ಕೆಂಡವೇ. ಇಡೀ ಹೆಡ್‌ಲೈಟ್ ಬದಲಿಸಬೇಕು ಅಂದರು ಗ್ಯಾರೇಜಿನಲ್ಲಿ. ವೋಲ್ಟೇಜ್ ಅಳೆಯೋಕೆ ಸಾಲ ತಂದ ಮಲ್ಟಿಮೀಟರ್ ಹಿಡಿದು ಕೂತೆ. ಬಲ್ಬು ಕಿತ್ತು ಹೋಲ್ಡರಿಗೆ ಇಟ್ಟರೆ 12.5 ತೋರಿಸಿತು, ಎಲ್ಲ ಸರಿ ಅನ್ನುವ ಹಾಗೆ. ಇಲ್ಲೇ ಬಹಳ ಜನ ಮೋಸ ಹೋಗೋದು. ಮೀಟರ್ ಕರೆಂಟನ್ನೇ ಎಳೆಯೋದಿಲ್ಲ ಅನ್ನಬಹುದು, ಹಾಗಾಗಿ ತುಕ್ಕು ಹಿಡಿದ ಜಾಯಿಂಟಿನ ಆಚೆಗೂ ಪೂರ್ತಿ ವೋಲ್ಟೇಜ್ ಕಾಣುತ್ತದೆ. ಬಲ್ಬು ಹಾಕಿ, ಲೈಟು ಹಚ್ಚಿಯೇ ಅಳೆಯಬೇಕು. ಹಾಗೆ ಮಾಡಿ ಮೀಟರಿನ ಒಂದು ಕಡ್ಡಿಯನ್ನು ಬಲ್ಬಿನ ಅರ್ತ್ ಪಿನ್ನಿಗೆ (ಕರೆಂಟು ಬಾಡಿಗೆ ವಾಪಸ್ ಹೋಗುವ ಪಿನ್ನು), ಇನ್ನೊಂದನ್ನು ಬ್ಯಾಟರಿ ಮೈನಸ್ಸಿಗೆ ಇಟ್ಟೆ. ಸೊನ್ನೆಯ ಹತ್ತಿರ ಇರಬೇಕಾದ್ದು 4 ವೋಲ್ಟ್ ಇತ್ತು.

ಅರ್ತ್ ವೈರನ್ನು ಬೆರಳಲ್ಲಿ ಹಿಡಿದುಕೊಂಡು ಹೋದೆ. ಹೆಡ್‌ಲೈಟಿನ ಹಿಂದೆ ಬಾಡಿಗೆ ಬಿಗಿದಿದ್ದ ಒಂದು ಬೋಲ್ಟು, ಅದರ ಸುತ್ತ ಬಿಳಿ ಹಸಿರು ಪುಡಿ. ಬಿಚ್ಚಿ, ಲೋಹ ಹೊಳೆಯುವ ತನಕ ಎಮರಿ ಪೇಪರಿನಲ್ಲಿ ಉಜ್ಜಿ, ಬಿಗಿದು, ಮೇಲೆ ತುಸು ಗ್ರೀಸ್ ಸವರಿದೆ. ಮತ್ತೆ ಅಳೆದರೆ 0.1. ಗೋಡೆ ಮೇಲೆ ಎರಡೂ ಬೆಳಕು ಒಂದೇ ಸಮ ಬಿದ್ದವು.

ಆಮೇಲೆ, ಹೋಗಿದೆ ಅಂತ ಪಕ್ಕಕ್ಕಿಟ್ಟಿದ್ದ ಹಳೇ ಬಲ್ಬನ್ನು ಹಾಕಿ ನೋಡಿದೆ. ಚೆನ್ನಾಗಿಯೇ ಉರಿಯಿತು. ಈಗ ಹೊಸದು ಬಟ್ಟೆ ಸುತ್ತಿಕೊಂಡು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿದೆ.