ಕೀಲುವಾತದ ಇಂಜೆಕ್ಷನ್‌ಗೆ ಮೊದಲು ಕ್ಷಯದ ಪರೀಕ್ಷೆ

ಮೆಥೋಟ್ರೆಕ್ಸೇಟ್ ಔಷಧಿಗೂ ಬಗ್ಗದ ಕೀಲುವಾತಕ್ಕೆ, ಉರಿಯೂತ ಎಬ್ಬಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಇಂಜೆಕ್ಷನ್ ಬರೆದರೆ, ‘ಕೀಲು ನೋವಿಗೆ ಎದೆ ಎಕ್ಸ್‌ರೇ ಯಾಕೆ ಡಾಕ್ಟ್ರೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ನ್ಯಾಯವಾದ ಪ್ರಶ್ನೆ.

ಟಿಎನ್‌ಎಫ್ ಮೊದಲು ರೋಗನಿರೋಧಕ ಕೋಶಗಳ, ಅದರಲ್ಲೂ ಮ್ಯಾಕ್ರೋಫೇಜ್‌ಗಳ, ಹೊರಪೊರೆಯಲ್ಲಿ ನಾಟಿಕೊಂಡಿರುವ ಪ್ರೋಟೀನು. ಉದ್ದ 233 ಅಮೈನೋ ಆಮ್ಲ. ಟೇಸ್ ಎಂಬ ಕಿಣ್ವ ಕತ್ತರಿಸಿದಾಗ 157 ಅಮೈನೋ ಆಮ್ಲಗಳ ಹೊರಭಾಗ ಬಿಡಿಯಾಗಿ ರಕ್ತಕ್ಕೆ ಸೇರುತ್ತದೆ. ದೂರದ ಕೋಶಗಳಲ್ಲೂ ಉರಿಯೂತ ಎಬ್ಬಿಸುತ್ತದೆ. ಪೊರೆಯಲ್ಲೇ ಉಳಿದದ್ದು ಪಕ್ಕದ ಕೋಶವನ್ನು ಮುಟ್ಟಿ ಸಂದೇಶ ಕೊಡುತ್ತದೆ. ಕ್ಷಯದ ಬ್ಯಾಕ್ಟೀರಿಯಾವನ್ನು ಸುತ್ತುವರಿದು ಅಡಗಿಸಿಡುವ ಕೋಶಗಳ ಗಂಟು, ಅಂದರೆ ಗ್ರ್ಯಾನುಲೋಮ, ಕಳಚದಿರಲು ಟಿಎನ್‌ಎಫ್ ಬೇಕೇ ಬೇಕು. ಅದನ್ನು ತಡೆದರೆ ಒಳಗೆ ಅಡಗಿದ್ದ ಕ್ಷಯ ಎದ್ದು ಬರಬಹುದು.

ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮ್ಯುಮ್ಯಾಬ್ ಎಂಬ ಇಂಜೆಕ್ಷನ್‌ಗಳು ಟಿಎನ್‌ಎಫ್‌ನ ಬಿಡಿ ಮತ್ತು ಪೊರೆಯ ಎರಡೂ ರೂಪಗಳನ್ನು ಬಿಗಿಯಾಗಿ ಹಿಡಿಯುತ್ತವೆ. ಎಟನರ್ಸೆಪ್ಟ್ ಎಂಬ ಇನ್ನೊಂದು ಇಂಜೆಕ್ಷನ್ ಪೊರೆಯ ರೂಪವನ್ನು ಅಷ್ಟು ಗಟ್ಟಿಯಾಗಿ ಹಿಡಿಯದು. ಅದರಲ್ಲಿ ಕ್ಷಯದ ಅಪಾಯ ಕಡಿಮೆ ಇರುವುದಕ್ಕೆ ಇದೂ ಒಂದು ಕಾರಣವೆಂದು ನಂಬಲಾಗಿದೆ. ಕಡಿಮೆ ಎಂದರೆ ಇಲ್ಲವೆಂದಲ್ಲ. ಕ್ಷಯ ಇಷ್ಟು ಹರಡಿರುವ ನಮ್ಮ ದೇಶದಲ್ಲಿ ಯಾವ ಇಂಜೆಕ್ಷನ್ನೇ ಇರಲಿ, ಪರೀಕ್ಷೆ ಬಿಡುವಂತಿಲ್ಲ.

ಚರ್ಮದಲ್ಲಿ ಚುಚ್ಚಿ ಮಾಡುವ ಮಾಂಟೂ ಕ್ಷಯ ಪರೀಕ್ಷೆಯನ್ನು 48ರಿಂದ 72 ಗಂಟೆಯೊಳಗೆ ಓದಬೇಕು. ಅಳೆಯಬೇಕಾದದ್ದು ಕೆಂಪನ್ನಲ್ಲ, ಬೆರಳಿಗೆ ಸಿಗುವ ಗಟ್ಟಿ ಊತವನ್ನು. ಈ ರೋಗಿಗಳಲ್ಲಿ 5 ಮಿ.ಮೀ. ಇದ್ದರೂ ಪಾಸಿಟಿವ್. ದಿನಕ್ಕೆ 15 ಮಿ.ಗ್ರಾಂ.ಗಿಂತ ಹೆಚ್ಚು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ನುಂಗುತ್ತಿದ್ದರೆ ಸೋಂಕಿದ್ದೂ ಊತ ಬಾರದಿರಬಹುದು. ಹಾಗಾಗಿ ಇಗ್ರಾ ರಕ್ತಪರೀಕ್ಷೆಯನ್ನೂ ಸೇರಿಸುವುದು ಒಳ್ಳೆಯದು. ಸ್ಟೀರಾಯ್ಡ್ ಅದನ್ನೂ ಮಂಕಾಗಿಸಬಲ್ಲದು. ‘ಇಂಡಿಟರ್ಮಿನೇಟ್’ (ಹೌದು-ಇಲ್ಲ ಹೇಳಲಾಗದು) ಎಂದು ಬಂದರೆ ಅದನ್ನು ನೆಗೆಟಿವ್ ಎಂದು ಓದಬೇಡಿ, ಮತ್ತೆ ಮಾಡಿಸಿ.

ಪಾಸಿಟಿವ್ ಬಂದ ತಕ್ಷಣ ಐಸೋನಿಯಾಜಿಡ್ ಎಂಬ ಕ್ಷಯದ ಮಾತ್ರೆ ಬರೆದುಬಿಡುವುದು ಅಪಾಯಕಾರಿ. ಸಕ್ರಿಯ ಕ್ಷಯವಿದ್ದರೆ ಒಂದೇ ಔಷಧಿಯಿಂದ ಬ್ಯಾಕ್ಟೀರಿಯಾ ಅದಕ್ಕೆ ಜಗ್ಗದಂತಾಗುತ್ತದೆ. ಕೆಮ್ಮು, ಜ್ವರ, ತೂಕ ಇಳಿಕೆ, ಕುತ್ತಿಗೆಯ ಗಂಟು, ಎಕ್ಸ್‌ರೇ ಎಲ್ಲ ನೋಡಿ, ಸಕ್ರಿಯ ಕ್ಷಯ ಇಲ್ಲವೆಂದು ಖಚಿತವಾದ ಮೇಲೆ ದಿನಕ್ಕೆ 300 ಮಿ.ಗ್ರಾಂ., ಜೊತೆಗೆ ಪಿರಿಡಾಕ್ಸಿನ್ (ವಿಟಮಿನ್ ಬಿ6), 6 ತಿಂಗಳು. ಕನಿಷ್ಠ ಒಂದು ತಿಂಗಳು ಕಳೆದ ನಂತರ ಟಿಎನ್‌ಎಫ್ ಇಂಜೆಕ್ಷನ್ ಶುರು. ಮೆಥೋಟ್ರೆಕ್ಸೇಟ್ ಜೊತೆಗಿದ್ದರೆ ಯಕೃತ್ತಿನ ಮೇಲೆ ಎರಡು ಕಡೆಯ ಹೊರೆ ಬೀಳುತ್ತದೆ. ಪ್ರತಿ ತಿಂಗಳು ಯಕೃತ್ತಿನ ರಕ್ತಪರೀಕ್ಷೆಯಾದ ಎಸ್‌ಜಿಪಿಟಿ ನೋಡಲೇಬೇಕು. ಕೀಲು ಹಗುರಾಯಿತೆಂದು ಕ್ಷಯದ ಮಾತ್ರೆಯನ್ನು ನಡುವೆ ಬಿಡುವವರು ಬಹಳ, ದಯವಿಟ್ಟು ಬಿಡಬೇಡಿ.

ಎಲ್ಲ ನೆಗೆಟಿವ್ ಇದ್ದವರಿಗೂ ಮುಂದೆ ಕ್ಷಯ ಬರಬಹುದು. ಅದು ಎದೆಯಲ್ಲೇ ಇರಬೇಕೆಂದಿಲ್ಲ: 2001ರಲ್ಲಿ ಪ್ರಕಟವಾದ ಇನ್‌ಫ್ಲಿಕ್ಸಿಮ್ಯಾಬ್ ಪಡೆದವರ 70 ಕ್ಷಯ ಪ್ರಕರಣಗಳಲ್ಲಿ 40 ಶ್ವಾಸಕೋಶದ ಹೊರಗಿನವು. ಆದ್ದರಿಂದ ವಾರಗಟ್ಟಲೆ ಸಂಜೆ ಜ್ವರ ಕಂಡರೆ ಮುಂದಿನ ಡೋಸ್ ತಡೆದು, ಕಫ ನೆಗೆಟಿವ್ ಬಂದರೂ ಅಲ್ಲಿಗೇ ನಿಲ್ಲಿಸದೆ, ಗಂಟಿನಿಂದಲೋ ಎದೆಯ ನೀರಿನಿಂದಲೋ ಮಾದರಿ ತೆಗೆದು ಪರೀಕ್ಷಿಸಬೇಕು.